ಹೃದಯ ರಿಪೇರಿಯಾಯಿತು, ಮಿದುಳಿನ ಲೆಕ್ಕ ಇಡುವವರು ಯಾರು?

ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾದಾಗ ಹೈದರಾಬಾದಿನಲ್ಲಿರುವ ನಮ್ಮಂಥವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದರ ಫೋಟೊಗಳು ದಿನವಿಡೀ ಓಡಾಡಿದವು. ಹಾಸಿಗೆಗಳ ಸಂಖ್ಯೆಯಲ್ಲೇ 371(ಜೆ) ವಿಧಿಯ ನೆನಪಿತ್ತು. ಎದೆನೋವು ಬಂದರೆ ರಾತ್ರೋರಾತ್ರಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬಾಡಿಗೆ ಕಾರು ಮಾಡಿಕೊಂಡು ಓಡುತ್ತಿದ್ದ ಜನರ ಪಾಲಿಗೆ ಅದು ನಿಜಕ್ಕೂ ಹಬ್ಬದ ಸುದ್ದಿ. ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಹೃದಯದ ಆಸ್ಪತ್ರೆಗಳ ಬಗ್ಗೆ ಮಾತಾಡುವಾಗಲೆಲ್ಲ ನಮ್ಮ ಸರ್ಕಾರಗಳು, ಪತ್ರಿಕೆಗಳು, ದಾನಿಗಳು ಎಲ್ಲರೂ ಎಣಿಸುವುದು ಒಂದನ್ನೇ: ಎಷ್ಟು ಆಪರೇಷನ್ ಆಯಿತು? ಆಪರೇಷನ್ ಆದ ಮಗು ಐದು ವರ್ಷದ ನಂತರ ಒಂದನೇ ತರಗತಿಯಲ್ಲಿ ಹೇಗಿದೆ ಎಂಬ ಪ್ರಶ್ನೆಗೆ ನಮ್ಮ ಯಾವ ಲೆಕ್ಕಪುಸ್ತಕದಲ್ಲೂ ಕಾಲಂ ಇಲ್ಲ.

ನಾನು ಹೈದರಾಬಾದಿನಲ್ಲಿ ಹದಿನಾಲ್ಕು ವರ್ಷಗಳಿಂದ ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಊರು ರಾಯಚೂರು ಜಿಲ್ಲೆ. ನನ್ನ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟ. ಮಗು ಕೂರುವುದು, ಹಿಡಿಯುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದು, ಹಿಡಿದ ಕೆಲಸ ಮುಗಿಸುವುದು ಇವೆಲ್ಲ ತಡವಾದರೆ ಅದನ್ನು ಆಟದ ಮೂಲಕ ಕಲಿಸುವುದು ಎಂದುಕೊಂಡರೆ ಸಾಕು. ಬೀದರ್, ಯಾದಗಿರಿ, ರಾಯಚೂರಿನ ತಾಯಂದಿರು ನಾನು ಕನ್ನಡದವಳು ಎಂದು ಗೊತ್ತಾದ ಕೂಡಲೇ ನಿರಾಳವಾಗಿ ಮಾತಾಡುತ್ತಾರೆ. ಅವರಲ್ಲಿ ಹಲವರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: “ಅಕ್ಕಾರ, ಎದಿ ಸರಿ ಆತ್ರಿ. ಹಾರ್ಟಿನ ಡಾಕ್ಟ್ರು ಎಲ್ಲಾ ಚಲೋ ಅದ ಅಂದಾರ. ಆದ್ರ ಹುಡುಗ ಯಾಕೋ ಇನ್ನಾ ಮಾತಾಡವಲ್ಲ.”

ಈ “ಎದಿ ಸರಿ ಆತು” ಮತ್ತು “ಇನ್ನಾ ಮಾತಾಡವಲ್ಲ” ಎಂಬ ಎರಡು ಮಾತುಗಳ ನಡುವೆ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಲೇಖನ ಆ ಸಂಬಂಧದ ಬಗ್ಗೆ.

ಗರ್ಭದಲ್ಲೇ ಶುರುವಾಗುವ ಕೊರತೆ

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಎಂಟು–ಒಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಭಾರತದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳು ಹುಟ್ಟುತ್ತಾರೆ ಎಂಬುದು ನಮ್ಮ ಮಕ್ಕಳ ಹೃದ್ರೋಗ ತಜ್ಞರ ಅಂದಾಜು. ಇವರಲ್ಲಿ ಸುಮಾರು ಐದನೇ ಒಂದು ಭಾಗದ ಮಕ್ಕಳ ದೋಷ ಗಂಭೀರ. ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು. ಉಳಿದವರಲ್ಲಿ ಅನೇಕರದು ತಾನಾಗಿ ಮುಚ್ಚಿಕೊಳ್ಳುವ ಸಣ್ಣ ರಂಧ್ರ. ಅಂಥ ಮಕ್ಕಳ ತಾಯ್ತಂದೆ ಈ ಲೇಖನ ಓದಿ ಗಾಬರಿಯಾಗಬೇಕಿಲ್ಲ. ನಾನು ಮಾತಾಡುತ್ತಿರುವುದು ಮುಖ್ಯವಾಗಿ ಗಂಭೀರ ದೋಷದ ಮಕ್ಕಳ ಬಗ್ಗೆ.

ಹೃದಯಕ್ಕೂ ಮಿದುಳಿಗೂ ಎಲ್ಲಿಯ ನಂಟು? ಗರ್ಭದಲ್ಲಿ ಮಗುವಿನ ಶ್ವಾಸಕೋಶ ಕೆಲಸ ಮಾಡುವುದಿಲ್ಲ. ಆಮ್ಲಜನಕ ತುಂಬಿದ ರಕ್ತ ಬರುವುದು ತಾಯಿಯ ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಸಹಜವಾಗಿ ಬೆಳೆದ ಹೃದಯದಲ್ಲಿ ಈ ಒಳ್ಳೆಯ ರಕ್ತ ಎಡಭಾಗಕ್ಕೆ ಹರಿದು, ಅಲ್ಲಿಂದ ಮೊದಲು ಮಿದುಳಿಗೆ ಹೋಗುತ್ತದೆ. ಹೊಲಕ್ಕೆ ಕಾಲುವೆ ನೀರು ಬಿಡುವಾಗ ಮೇಲಿನ ಗದ್ದೆಗೆ ಮೊದಲ ಪಾಲು ಕೊಡುವಂತೆ ಪ್ರಕೃತಿ ಮಿದುಳಿಗೆ ಮೊದಲ ಪಾಲು ಇಟ್ಟಿದೆ. ಆದರೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿರುವ ಮಗುವಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಒಳ್ಳೆಯ ರಕ್ತ ಶ್ವಾಸಕೋಶ ಮತ್ತು ಕೆಳದೇಹದ ಕಡೆ ಹೋಗುತ್ತದೆ, ಮಿದುಳಿಗೆ ಆಮ್ಲಜನಕ ಕಡಿಮೆ ಇರುವ ರಕ್ತ ಸಿಗುತ್ತದೆ. ಹೃದಯದ ಎಡಭಾಗವೇ ಸರಿಯಾಗಿ ಬೆಳೆಯದ ಮಗುವಿನಲ್ಲಿ ಮಿದುಳಿಗೆ ರಕ್ತ ಹಿಮ್ಮುಖವಾಗಿ, ಸುತ್ತು ಬಳಸಿ ತಲುಪಬೇಕಾಗುತ್ತದೆ.

ಗರ್ಭದ ಕೊನೆಯ ಮೂರು ತಿಂಗಳು ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ. ನುಣುಪಾಗಿದ್ದ ಮೇಲ್ಮೈ ಮಡಿಕೆ ಮಡಿಕೆಯಾಗುತ್ತದೆ, ನರತಂತುಗಳ ಜಾಲ ಹೆಣೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಪಾಲು ಕಡಿಮೆಯಾದರೆ ಪರಿಣಾಮ ಆಗದೇ ಇರುತ್ತದೆಯೇ? 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು ಪೂರ್ಣಾವಧಿಗೆ ಹುಟ್ಟಿದ, ಗಂಭೀರ ಹೃದಯದೋಷವಿದ್ದ 41 ಶಿಶುಗಳ ಮಿದುಳನ್ನು ಆಪರೇಷನ್‌ಗೆ ಮೊದಲೇ ಎಂಆರ್‌ಐ ಮಾಡಿ ನೋಡಿತು. ಅವರ ಮಿದುಳು ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಮಿದುಳನ್ನು ಹೋಲುತ್ತಿತ್ತು. ಸುಮಾರು ಮೂವರಲ್ಲಿ ಒಬ್ಬರಿಗೆ ಆಪರೇಷನ್ ಕೋಣೆಗೆ ಹೋಗುವ ಮೊದಲೇ ಮಿದುಳಿನಲ್ಲಿ ಗಾಯದ ಗುರುತಿತ್ತು. 2009ರ ಮತ್ತೊಂದು ಅಧ್ಯಯನ ಈ ಹಿನ್ನಡೆಯನ್ನು ಸುಮಾರು ಒಂದು ತಿಂಗಳು ಎಂದು ಅಳೆಯಿತು. 2010ರಲ್ಲಿ ಗರ್ಭಸ್ಥ ಶಿಶುಗಳನ್ನೇ ಸ್ಕ್ಯಾನ್ ಮಾಡಿದಾಗ ಕೊನೆಯ ಮೂರು ತಿಂಗಳಲ್ಲಿ ಮಿದುಳಿನ ಬೆಳವಣಿಗೆ ನಿಧಾನವಾಗುವುದು ಕಂಡಿತು.

ಇದು ತಿಳಿಯುವ ತನಕ ತಪ್ಪೆಲ್ಲ ಆಪರೇಷನ್ನಿನದು, ಅರಿವಳಿಕೆಯದು, ಹಾರ್ಟ್–ಲಂಗ್ ಮಷೀನಿನದು ಎಂಬ ನಂಬಿಕೆಯಿತ್ತು. ಅವುಗಳ ಪಾಲೂ ಇದೆ. ವಾರಗಟ್ಟಲೆ ಐಸಿಯು ವಾಸದ ಪಾಲೂ ಇದೆ. ಜೊತೆಗೆ ವಂಶವಾಹಿಗಳದ್ದೂ ಇದೆ. ಹೃದಯ ರೂಪಿಸುವ ಕೆಲವು ವಂಶವಾಹಿಗಳೇ ಮಿದುಳನ್ನೂ ರೂಪಿಸುತ್ತವೆ. ಆದ್ದರಿಂದ ಒಂದೇ ಕಾರಣಕ್ಕೆ ಬೊಟ್ಟು ಮಾಡುವಂತಿಲ್ಲ.

ನಮ್ಮ ಕಡೆ ಬೊಟ್ಟು ಮಾಡುವುದು ಮಾತ್ರ ಸದಾ ಒಬ್ಬಳ ಕಡೆಗೇ. ಗ್ರಹಣದ ದಿನ ಹೊರಗೆ ಬಂದಿದ್ದಳು, ಬಸುರಿಯಾದಾಗ ಪಪ್ಪಾಯಿ ತಿಂದಿದ್ದಳು ಎಂದು ತಾಯಿಯನ್ನು ಹಂಗಿಸುವುದನ್ನು ನಾನು ಇವತ್ತಿಗೂ ಕೇಳುತ್ತೇನೆ. ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ತಡೆಯಬಹುದಾದ ಕಾರಣಗಳು ಬೇರೆ ಇವೆ: ಬಸುರಿಗೆ ಬರುವ ರುಬೆಲ್ಲಾ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. 2017ರ ಫೆಬ್ರುವರಿಯಲ್ಲಿ ದೇಶದ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ರಹಣದ ಮಾತು ಬಿಟ್ಟು ಆ ಲಸಿಕೆಯ ಮಾತಾಡಿದರೆ ಹೆಚ್ಚು ಉಪಯೋಗ.

ಬಾಸ್ಟನ್ ಕಲಿಸಿದ ಪಾಠ

ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿಸಿದ್ದು ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಒಂದು ದೀರ್ಘ ಅಧ್ಯಯನ. 1988ರಲ್ಲಿ ಶುರುವಾದ ಅದರಲ್ಲಿ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ 171 ಶಿಶುಗಳಿದ್ದರು. ಆಪರೇಷನ್ ವೇಳೆ ದೇಹವನ್ನು ತೀರಾ ತಣ್ಣಗೆ ಮಾಡಿ ರಕ್ತಸಂಚಾರವನ್ನು ಪೂರ್ತಿ ನಿಲ್ಲಿಸುವುದು ಲೇಸೋ, ಯಂತ್ರದಿಂದ ಸಣ್ಣಗೆ ಹರಿಸುತ್ತಿರುವುದು ಲೇಸೋ ಎಂಬುದು ಮೂಲ ಪ್ರಶ್ನೆ. ಮಕ್ಕಳನ್ನು ಒಂದು, ನಾಲ್ಕು, ಎಂಟು, ಹದಿನಾರನೇ ವಯಸ್ಸಿನಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲ ವರ್ಷಗಳಲ್ಲಿ ರಕ್ತಸಂಚಾರ ನಿಲ್ಲಿಸಿದ ಗುಂಪು ಚಲನೆಯ ಕೌಶಲದಲ್ಲಿ ಹಿಂದಿತ್ತು. ಆದರೆ ಮಕ್ಕಳು ದೊಡ್ಡವರಾದಂತೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಕರಗುತ್ತ ಬಂತು, ಬೇರೊಂದು ಸತ್ಯ ಮೇಲೆದ್ದಿತು. ಎರಡೂ ಗುಂಪಿನ ಮಕ್ಕಳು ಕೆಲವು ವಿಷಯಗಳಲ್ಲಿ ತಮ್ಮ ವಯಸ್ಸಿನವರಿಗಿಂತ ಹಿಂದಿದ್ದರು.

ಅವರ ಬುದ್ಧಿಮಟ್ಟದ ಸರಾಸರಿ ಸಹಜದ ಹತ್ತಿರವೇ ಇತ್ತು. ಮಾತಿನಲ್ಲಿ, ಸಾಮಾನ್ಯ ತಿಳಿವಳಿಕೆಯಲ್ಲಿ ಮೇಲ್ನೋಟಕ್ಕೆ ಏನೂ ಕಾಣದು. ತೊಂದರೆ ಇದ್ದುದು ಕಣ್ಣು–ಕೈ ಹೊಂದಾಣಿಕೆಯಲ್ಲಿ, ಜಾಗ ಮತ್ತು ಆಕಾರ ಗ್ರಹಿಸುವುದರಲ್ಲಿ, ನೆನಪಿನಲ್ಲಿ, ಗಮನದಲ್ಲಿ, ಒಂದು ಕೆಲಸವನ್ನು ಯೋಜಿಸಿ ಹಂತ ಹಂತವಾಗಿ ಮುಗಿಸುವುದರಲ್ಲಿ. ಹದಿನಾರನೇ ವಯಸ್ಸಿಗೆ ಬರುವಷ್ಟರಲ್ಲಿ ಇವರಲ್ಲಿ ಶೇ 65ರಷ್ಟು ಮಂದಿಗೆ ಶಾಲೆಯಲ್ಲಿ ವಿಶೇಷ ಪಾಠವೋ ಬೇರೆ ರೀತಿಯ ನೆರವೋ ಬೇಕಾಗಿತ್ತು ಎಂದು 2011ರಲ್ಲಿ ವರದಿಯಾಯಿತು. ನೆನಪಿಡಿ, ಇವರು ಜಗತ್ತಿನ ಅತ್ಯುತ್ತಮ ಆಸ್ಪತ್ರೆಗಳಲ್ಲೊಂದರಲ್ಲಿ, ಹುಟ್ಟಿದ ಕೆಲವೇ ದಿನ–ವಾರಗಳಲ್ಲಿ ಆಪರೇಷನ್ ಆದವರು.

ಈ ತೊಂದರೆಗಳು ನಮ್ಮ ಶಾಲೆಯಲ್ಲಿ ಹೇಗೆ ಕಾಣುತ್ತವೆ ಎಂದು ನಾನು ಹೇಳಬಲ್ಲೆ. ಬೋರ್ಡಿನ ಮೇಲಿನದ್ದನ್ನು ನೋಡಿ ಬರೆಯಲು ಹುಡುಗಿ ಎಲ್ಲರಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತಾಳೆ. ಕಾಗುಣಿತದ ಕೊಂಬು, ಒತ್ತಕ್ಷರ ಜಾಗ ತಪ್ಪುತ್ತವೆ. ಬಾಯಿಲೆಕ್ಕ ಸರಿ, ಆದರೆ ಕಾಗದದ ಮೇಲೆ ಬಿಡಿ–ಹತ್ತು–ನೂರರ ಸಾಲು ಹೊಂದುವುದಿಲ್ಲ. “ಪುಸ್ತಕ ತೆಗೆ, ಇಪ್ಪತ್ತನೇ ಪುಟಕ್ಕೆ ಹೋಗು, ಮೂರನೇ ಪ್ರಶ್ನೆ ಬರಿ” ಎಂದು ಒಟ್ಟಿಗೆ ಹೇಳಿದರೆ ಪುಸ್ತಕ ತೆಗೆದು ಸುಮ್ಮನೆ ಕೂರುತ್ತಾಳೆ. ಮೇಷ್ಟ್ರು ಇದಕ್ಕೆ ಇಡುವ ಹೆಸರು ಸೋಮಾರಿತನ. ಮನೆಯವರು ಇಡುವ ಹೆಸರು ಹಟ. ಅಜ್ಜಿ ಇಡುವ ಹೆಸರು “ಪಾಪ, ಹಾರ್ಟಿನ ಕೂಸು”. ಈ ಮೂರರಲ್ಲಿ ಯಾವ ಹೆಸರೂ ಮಗುವಿಗೆ ನೆರವು ತರುವುದಿಲ್ಲ.

ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2012ರಲ್ಲಿ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಶೈಶವದಲ್ಲೇ ತೆರೆದ ಹೃದಯದ ಆಪರೇಷನ್ ಆದ ಮಕ್ಕಳು, ಮೈ ನೀಲಿಗಟ್ಟುವ ದೋಷವಿರುವ ಮಕ್ಕಳು, ಅವಧಿಪೂರ್ವ ಜನನ ಅಥವಾ ವಂಶವಾಹಿ ಸಮಸ್ಯೆಯೂ ಸೇರಿಕೊಂಡಿರುವ ಮಕ್ಕಳು ಹೆಚ್ಚು ಅಪಾಯದಲ್ಲಿರುವವರು ಎಂದಿತು. ಇವರನ್ನು 1ರಿಂದ 2 ವರ್ಷದೊಳಗೆ, 3ರಿಂದ 5 ವರ್ಷದೊಳಗೆ, ಮತ್ತೆ 11–12ನೇ ವಯಸ್ಸಿನಲ್ಲಿ ಬೆಳವಣಿಗೆಯ ತಪಾಸಣೆಗೆ ಕರೆಯಬೇಕು ಎಂದು ಸೂಚಿಸಿತು. 2024ರಲ್ಲಿ ಅದನ್ನು ಪರಿಷ್ಕರಿಸಿ, ಅಪಾಯವನ್ನು ಅಳೆಯುವಾಗ ಕುಟುಂಬದ ಸಾಮಾಜಿಕ ಸ್ಥಿತಿಗತಿಗೂ ಒತ್ತು ಕೊಟ್ಟಿತು. ಹಾಗೆ ಕೊಡಲು ಕಾರಣವಿದೆ. ತಾಯಿಯ ಓದು, ಮನೆಯ ಆದಾಯ ಇವು ಮಗುವಿನ ಬೆಳವಣಿಗೆಯ ಮೇಲೆ ಎಷ್ಟು ಪ್ರಭಾವ ಬೀರುತ್ತವೆ ಎಂದು ಒಂದರ ಮೇಲೊಂದು ಅಧ್ಯಯನ ತೋರಿಸಿವೆ.

ನಮ್ಮಲ್ಲಿ ತಡವೇ ದೊಡ್ಡ ರೋಗ

ಬಾಸ್ಟನ್ನಿನ ಮಗುವಿಗೂ ಸುರಪುರದ ಮಗುವಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ದೋಷ ಹುಟ್ಟುವ ಮೊದಲೋ ಹುಟ್ಟಿದ ಒಂದೆರಡು ದಿನದಲ್ಲೋ ಗೊತ್ತಾಗುತ್ತದೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪದೇ ಪದೇ ನ್ಯುಮೋನಿಯಾ ಆಗಿ, ಹಾಲು ಕುಡಿಯುವಾಗ ಬೆವರಿ ಸುಸ್ತಾಗಿ, ತೂಕ ಏರದೆ ಕೊರಗಿ, ಯಾರೋ ಒಬ್ಬ ವೈದ್ಯ ಎದೆಗೆ ಸ್ಟೆತಸ್ಕೋಪ್ ಇಟ್ಟು “ಎಕೋ ಮಾಡಿಸಿ” ಎನ್ನುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ತುಟಿ–ಉಗುರು ನೀಲಿಯಾಗುವ ದೋಷದ ಮಕ್ಕಳು ಮೂರು–ನಾಲ್ಕು ವರ್ಷದವರೆಗೂ ಕಡಿಮೆ ಆಮ್ಲಜನಕದಲ್ಲೇ ಬದುಕುವುದುಂಟು. ಅಂಥವರಿಗೆ ಪಾರ್ಶ್ವವಾಯು, ಮಿದುಳಿನಲ್ಲಿ ಕೀವುಗಟ್ಟುವ ಅಪಾಯವೂ ಇದೆ.

ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಕೊರತೆ ಆರೋಗ್ಯವಂತ ಮಗುವಿನ ಮಿದುಳನ್ನೇ ಹಿಂದಕ್ಕೆಳೆಯುತ್ತದೆ. ನೀಲಿಗಟ್ಟುವ ಮಗುವಿನಲ್ಲಿ ಇನ್ನೊಂದು ಮೋಸವಿದೆ: ಆಮ್ಲಜನಕದ ಕೊರತೆ ತುಂಬಿಸಲು ದೇಹ ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತಿರುತ್ತದೆ, ಆದ್ದರಿಂದ ವರದಿಯಲ್ಲಿ 12–13 ಎಂದು ಕಂಡರೆ “ಚೆನ್ನಾಗಿದೆ” ಎಂದು ಬಿಟ್ಟುಬಿಡುತ್ತಾರೆ. ಆ ಮಗುವಿನ ಮಟ್ಟಿಗೆ ಅದು ಕಡಿಮೆಯೇ ಆಗಿರಬಹುದು.

ತಡವನ್ನು ಕಡಿಮೆ ಮಾಡುವ ಒಂದು ಸರಳ ಪರೀಕ್ಷೆ ಎಲ್ಲರಿಗೂ ಪರಿಚಿತ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್. ಹುಟ್ಟಿದ 24ರಿಂದ 48 ಗಂಟೆಯೊಳಗೆ ಮಗುವಿನ ಬಲಗೈಗೆ ಮತ್ತು ಒಂದು ಕಾಲಿಗೆ, ಶಿಶುಗಳಿಗೆಂದೇ ಇರುವ ಪಟ್ಟಿ ಹಾಕಿ ಆಮ್ಲಜನಕ ಅಳೆಯುವುದು. 95ಕ್ಕಿಂತ ಕಡಿಮೆ ಬಂದರೆ, ಅಥವಾ ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಅಳೆದು, ಹಾಗೇ ಇದ್ದರೆ ಎಕೋಗೆ ಕಳಿಸುವುದು. ಅಮೆರಿಕ ಇದನ್ನು 2011ರಲ್ಲೇ ನವಜಾತ ಶಿಶುಗಳ ಶಿಫಾರಸು ಪಟ್ಟಿಗೆ ಸೇರಿಸಿತು. ಎಲ್ಲ ದೋಷವೂ ಇದರಲ್ಲಿ ಸಿಗುವುದಿಲ್ಲ, ಆದರೆ ಅತಿ ಅಪಾಯದ ಹಲವು ಸಿಗುತ್ತವೆ. ಹೆರಿಗೆಯಾಗುವ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ನರ್ಸ್ ಮಾಡಬಹುದಾದ ಐದು ನಿಮಿಷದ ಕೆಲಸ.

ಒಂದೇ ಯೋಜನೆ, ಎರಡು ಬಾಗಿಲು

ನನಗೆ ಅತ್ಯಂತ ವಿಚಿತ್ರವೆನಿಸುವುದು ಇದು: ಬೇಕಾದ ಸರ್ಕಾರಿ ವ್ಯವಸ್ಥೆ ಕಾಗದದ ಮೇಲೆ ಈಗಾಗಲೇ ಇದೆ. 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ನಾಲ್ಕು ಬಗೆಯ ತೊಂದರೆ ಹುಡುಕುತ್ತದೆ: ಹುಟ್ಟುದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ವರ್ಷಕ್ಕೊಮ್ಮೆ ಹೋಗಬೇಕು. ಜನ್ಮಜಾತ ಹೃದಯದೋಷವೂ ಅದರ ಪಟ್ಟಿಯಲ್ಲಿದೆ, ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿದೆ. ಎರಡನೆಯದಕ್ಕೆ ನೆರವಾಗಲೆಂದೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಕಲ್ಪನೆಯಿದೆ. ಫಿಸಿಯೋಥೆರಪಿಸ್ಟ್, ಮಾತಿನ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಸಿಗಬೇಕು ಎಂಬುದು ಅದರ ಆಶಯ.

ಆದರೆ ಮಗು ಈ ಯೋಜನೆಯೊಳಗೆ “ಹೃದಯ” ಎಂಬ ಬಾಗಿಲಿನಿಂದ ಹೋದರೆ ಆಪರೇಷನ್ ಆಗಿ ಹೊರಬರುತ್ತದೆ, ಫೈಲ್ ಮುಚ್ಚುತ್ತದೆ. “ವಿಳಂಬ” ಎಂಬ ಬಾಗಿಲು ಅದೇ ಕಟ್ಟಡದಲ್ಲಿದೆ, ಆದರೆ ಆ ಮಗುವನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರಿಲ್ಲ. ನನ್ನ ಬಳಿ ಬರುವ ಡಿಸ್ಚಾರ್ಜ್ ಕಾರ್ಡುಗಳನ್ನು ನೋಡುತ್ತೇನೆ. ಎಕೋ ಯಾವಾಗ, ಮಾತ್ರೆ ಎಷ್ಟು ಹೊತ್ತಿಗೆ, ಹಲ್ಲಿನ ಚಿಕಿತ್ಸೆಗೆ ಮುನ್ನ ಏನು ಎಚ್ಚರಿಕೆ, ಎಲ್ಲ ಅಚ್ಚುಕಟ್ಟಾಗಿ ಇರುತ್ತದೆ. ಬೆಳವಣಿಗೆಯ ತಪಾಸಣೆ ಎಂಬ ಒಂದು ಸಾಲು ಇರುವುದು ಅಪರೂಪ.

ಕೇರಳ 2017ರಲ್ಲಿ ‘ಹೃದ್ಯಂ’ ಯೋಜನೆ ತಂದು, ಹೃದಯದೋಷದ ಪ್ರತಿ ಮಗುವನ್ನೂ ಆನ್‌ಲೈನಿನಲ್ಲಿ ನೋಂದಾಯಿಸಿ, ಯಾರಿಗೆ ಎಷ್ಟು ಬೇಗ ಆಪರೇಷನ್ ಬೇಕು ಎಂದು ವಿಂಗಡಿಸಿ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿತು. ಒಂದು ನೋಂದಣಿ ಪುಸ್ತಕವಿದ್ದರೆ ಮಗು ಕಳೆದುಹೋಗುವುದಿಲ್ಲ ಎಂಬುದು ಅದರ ಮುಖ್ಯ ಪಾಠ. ಬೆಳವಣಿಗೆ ಅಳೆಯಲು ದುಬಾರಿ ಪರೀಕ್ಷೆಯೇ ಬೇಕೆಂದೂ ಇಲ್ಲ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರ ರೂಪಿಸಿದ 17 ಅಂಶಗಳ ಚಾರ್ಟ್ ಎರಡು ವರ್ಷದವರೆಗಿನ ಮಕ್ಕಳಿಗೆ ಸಾಕು. ಚಾರ್ಟಿನ ಮೇಲೆ ಮಗುವಿನ ವಯಸ್ಸಿಗೆ ನೇರವಾಗಿ ಪೆನ್ಸಿಲ್ ಇಟ್ಟರೆ, ಅದರ ಎಡಕ್ಕಿರುವುದನ್ನೆಲ್ಲ ಮಗು ಮಾಡುತ್ತಿರಬೇಕು. ಅಂಗನವಾಡಿ ಕಾರ್ಯಕರ್ತೆ ಕಲಿಯಬಲ್ಲ ವಿಷಯ ಇದು.

ಗಡಿ ದಾಟಿದ ಮಗು, ದಾಟದ ಕಾಗದ

ಹೊರರಾಜ್ಯದಲ್ಲಿ ಕೆಲಸ ಮಾಡುವವಳಾಗಿ ನನಗೆ ಕಾಣುವ ಇನ್ನೊಂದು ಸಮಸ್ಯೆ ಗಡಿಯದು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700. ಹತ್ತಿರದ ಕಡೆಗೆ ಹೋಗುವುದು ಸಹಜ. ಬೆಳಗಾವಿ–ವಿಜಯಪುರದವರು ಪುಣೆ–ಮುಂಬೈಗೆ ಹೋಗುವುದೂ ಹೀಗೆಯೇ. ಆಪರೇಷನ್ ಒಂದು ರಾಜ್ಯದಲ್ಲಿ ಆಗುತ್ತದೆ, ಮಗು ಬೆಳೆಯುವುದು ಇನ್ನೊಂದು ರಾಜ್ಯದಲ್ಲಿ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲೋ ಹಿಂದಿಯಲ್ಲೋ. ಊರಿನ ಆಶಾ ಕಾರ್ಯಕರ್ತೆಗೆ ಅದರಲ್ಲಿ ಏನಿದೆ ಎಂದು ಯಾರೂ ತಿಳಿಸುವುದಿಲ್ಲ.

ಬೆಳವಣಿಗೆಯ ಪರೀಕ್ಷೆಯಲ್ಲಂತೂ ಭಾಷೆ ನೇರವಾಗಿ ಅಂಕವನ್ನೇ ಬದಲಿಸುತ್ತದೆ. “ಎಷ್ಟು ಪದ ಆಡುತ್ತದೆ?” ಎಂದು ಕೇಳಿದಾಗ ತಾಯಿ ಇಂಗ್ಲಿಷ್ ಪದಗಳನ್ನಷ್ಟೇ ಎಣಿಸಿ ಹೇಳಿದ್ದನ್ನು ನಾನು ಕಂಡಿದ್ದೇನೆ. “ಬುವ್ವ”, “ಅಂಬಾ”, “ನೀಯ” ಎಂದರೆ ಅದು ಪದವಲ್ಲ ಎಂದು ಅವರ ಭಾವನೆ! ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಟಿವಿಯಲ್ಲಿ ಹಿಂದಿ ಇರುವ ಮಗು ಮಾತಿನಲ್ಲಿ ತಡವಾದರೆ “ಮನೆ ಭಾಷೆ ಬಿಡಿ, ಇಂಗ್ಲಿಷ್ ಒಂದನ್ನೇ ಆಡಿ” ಎಂಬ ಸಲಹೆಯೂ ಸಿಗುತ್ತದೆ. ಈ ಸಲಹೆಗೆ ಆಧಾರವಿಲ್ಲ. ಎರಡು ಭಾಷೆ ಕೇಳಿದ್ದರಿಂದ ಮಗುವಿನ ಮಾತು ತಡವಾಗುವುದಿಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಸಿಗುವ ಮಾತು, ಹಾಡು, ಜೋಗುಳ, ಗದರಿಕೆ ಇವು ಮಿದುಳಿಗೆ ಸಿಗುವ ಅತ್ಯುತ್ತಮ ಆಹಾರ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅದು ಸಿಗದು.

“ಮೊದಲು ಜೀವ ಉಳಿಯಲಿ” ಎಂಬ ವಾದ

ಈ ವಿಷಯ ಎತ್ತಿದಾಗ ಗೆಳೆಯ ವೈದ್ಯರು ಹೇಳುವ ಮಾತು: ನಮ್ಮಲ್ಲಿ ಇನ್ನೂ ಎಷ್ಟೋ ಮಕ್ಕಳಿಗೆ ಆಪರೇಷನ್ನೇ ಸಿಗುತ್ತಿಲ್ಲ, ಮಿದುಳು, ಓದು, ಗಮನ ಇವೆಲ್ಲ ಶ್ರೀಮಂತ ದೇಶದ ಚಿಂತೆ. ಈ ವಾದದಲ್ಲಿ ತೂಕವಿದೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಅಂಜಿಕೆಯೂ ಇದೆ. ಆಪರೇಷನ್‌ಗೆ ಮೊದಲೇ “ಮಗು ಓದಿನಲ್ಲಿ ಹಿಂದೆ ಬೀಳಬಹುದು” ಎಂದರೆ ಕೆಲವು ಮನೆಯವರು ಮಗುವನ್ನು ವಾಪಸ್ ಕರೆದುಕೊಂಡು ಹೋಗಿಬಿಡಬಹುದು, ಅದರಲ್ಲೂ ಹೆಣ್ಣುಮಗುವಾದರೆ. ಇದು ಬರೀ ಊಹೆಯಲ್ಲ. ಆಪರೇಷನ್ ಬೇಕೆಂದು ಸೂಚಿಸಲಾದ ಮಕ್ಕಳ ಬಗ್ಗೆ ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡುಮಕ್ಕಳಲ್ಲಿ ಶೇ 70ರಷ್ಟು ಮಂದಿಗೆ ಆಪರೇಷನ್ ಆಗಿತ್ತು, ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿಗೆ ಮಾತ್ರ.

ಹಾಗಾದರೆ ಮುಚ್ಚಿಡಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಯಾವಾಗ, ಹೇಗೆ ಹೇಳುತ್ತೇವೆ ಎಂಬುದು ಮುಖ್ಯ. ಆಪರೇಷನ್‌ಗೆ ಮೊದಲು ಹೇಳಬೇಕಾದ ಮಾತು ಇದು: ತಡ ಮಾಡಿದಷ್ಟೂ ಹೃದಯಕ್ಕೂ ಮಿದುಳಿಗೂ ಹೊರೆ ಹೆಚ್ಚು, ಬೇಗ ಮಾಡಿಸಿ. ಆಪರೇಷನ್ ಮುಗಿದು ಮನೆಗೆ ಕಳಿಸುವ ದಿನ ಹೇಳಬೇಕಾದ್ದು: ಹೃದಯದ ಕೆಲಸ ಆಯಿತು, ಇನ್ನು ಮಗುವಿನ ಆಟ–ಮಾತು–ಓದಿನ ಮೇಲೆ ಕಣ್ಣಿಡಬೇಕು, ಇಂತಿಂಥ ದಿನ ಇಂಥ ಕಡೆ ತೋರಿಸಿ. ಇದರಿಂದ ಯಾರೂ ಮಗುವನ್ನು ಕೈಬಿಡುವುದಿಲ್ಲ. ಹೇಳದಿದ್ದರೆ ಮಾತ್ರ ಆರು ವರ್ಷದ ನಂತರ “ದಡ್ಡ” ಎಂಬ ಹಣೆಪಟ್ಟಿಯಾಗಿ ಅದು ವಾಪಸು ಬರುತ್ತದೆ.

ಇನ್ನು ಶ್ರೀಮಂತ ದೇಶದ ಚಿಂತೆ ಎಂಬ ಮಾತು. ಒಂದು ಮಗುವಿನ ಆಪರೇಷನ್‌ಗೆ ಸರ್ಕಾರವೋ ದಾನಿಗಳೋ ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಆ ಮಗು ಹತ್ತನೇ ತರಗತಿ ದಾಟಿ ತನ್ನ ಕಾಲ ಮೇಲೆ ನಿಂತರೆ ತಾನೆ ಆ ಹಣ ಸಾರ್ಥಕ? ಅದಕ್ಕೆ ಬೇಕಾದ್ದು ವರ್ಷಕ್ಕೊಂದು ತಪಾಸಣೆ, ಅಗತ್ಯವಿದ್ದವರಿಗೆ ಒಂದಷ್ಟು ತಿಂಗಳ ಥೆರಪಿ. ಆಪರೇಷನ್ ವೆಚ್ಚದ ಪಕ್ಕದಲ್ಲಿ ಇದು ಚಿಲ್ಲರೆ. ಚಿಕ್ಕ ಮಕ್ಕಳ ಮಿದುಳಿಗೆ ಹೊಸ ದಾರಿ ಮಾಡಿಕೊಳ್ಳುವ ಶಕ್ತಿ ಇದೆ. ಅದನ್ನು ಬಳಸಿಕೊಳ್ಳಲು ಮೊದಲ ಮೂರು ವರ್ಷ ಬಹಳ ಅಮೂಲ್ಯ.

ಮನೆಯಲ್ಲಿ, ಶಾಲೆಯಲ್ಲಿ

ಆಪರೇಷನ್ ಆದ ಮಗುವಿನ ಮನೆಯವರಿಗೆ ನಾನು ಹೇಳುವ ಕೆಲವು ಮಾತುಗಳನ್ನು ಇಲ್ಲೂ ಬರೆಯುತ್ತೇನೆ. ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬೇಡಿ. ತಲೆ ಮತ್ತು ಕುಂಡಿಯ ಕೆಳಗೆ ಕೈಕೊಟ್ಟು ಎತ್ತಿ. ಆಮೇಲೆ ವೈದ್ಯರ ಒಪ್ಪಿಗೆ ಪಡೆದು ಮಗುವನ್ನು ಎಚ್ಚರವಿದ್ದಾಗ ಬೋರಲು ಮಲಗಿಸಿ ಆಡಿಸಿ, ನೆಲಕ್ಕೆ ಬಿಡಿ. “ಹೊಲಿಗೆ ಹಾಕ್ಯಾರ” ಎಂದು ಎರಡು ವರ್ಷ ಕಂಕುಳಲ್ಲೇ ಹೊತ್ತು ತಿರುಗಿದರೆ ಮಗು ತೆವಳುವುದನ್ನೂ ನಡೆಯುವುದನ್ನೂ ಕಲಿಯುವುದು ಯಾವಾಗ? ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಕಲಿತದ್ದನ್ನು ಮರೆತರೆ ತೋರಿಸಿ. “ಅವರಪ್ಪನೂ ತಡವಾಗಿ ಮಾತಾಡಿದ್ದ” ಎಂದು ಕಾಯಬೇಡಿ. ಮೊಬೈಲ್ ಕೊಟ್ಟು ಕೂರಿಸುವ ಬದಲು ಕಾಳು ಆರಿಸಲು, ಡಬ್ಬದ ಮುಚ್ಚಳ ತಿರುಗಿಸಲು, ಹಿಟ್ಟು ನಾದಲು ಜೊತೆಗೆ ಕೂರಿಸಿಕೊಳ್ಳಿ. ಕಾಳು ಬಾಯಿಗೆ ಹೋಗದಂತೆ ಕಣ್ಣಿರಲಿ.

ಶಿಕ್ಷಕರಿಗೆ ಒಂದು ಕೋರಿಕೆ. ಹಾರ್ಟಿನ ಆಪರೇಷನ್ ಆದ ಮಗು ತರಗತಿಯಲ್ಲಿದೆ ಎಂದು ಗೊತ್ತಾದರೆ ಆಟದ ಪೀರಿಯಡ್ಡಿನಲ್ಲಿ ಕೂರಿಸುವುದಷ್ಟೇ ಕಾಳಜಿಯಲ್ಲ. ಬಹಳಷ್ಟು ಮಕ್ಕಳು ವೈದ್ಯರ ಒಪ್ಪಿಗೆಯ ಮೇಲೆ ಆಡಬಲ್ಲರು, ಆಡಬೇಕು ಕೂಡ. ನಿಜವಾದ ಕಾಳಜಿ ಎಂದರೆ ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ಚೌಕುಳಿ ಹಾಳೆಯಲ್ಲಿ ಲೆಕ್ಕ, ಬರೆಯಲು ಸ್ವಲ್ಪ ಹೆಚ್ಚು ಹೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಹೃದಯದೋಷ ಆ ಪಟ್ಟಿಯಲ್ಲಿಲ್ಲದಿದ್ದರೂ, ತಪಾಸಣೆಯಲ್ಲಿ ಕಲಿಕೆಯ ತೊಂದರೆ ಕಂಡುಬಂದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳುವ ದಾರಿ ಇದೆ. ಆದರೆ ತಪಾಸಣೆಯೇ ಆಗದಿದ್ದರೆ ಆ ದಾರಿ ತೆರೆಯುವುದಿಲ್ಲ.

ಕರ್ನಾಟಕ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಹೆರಿಗೆ ಆಸ್ಪತ್ರೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಪರೀಕ್ಷೆ ಕಡ್ಡಾಯವಾಗಲಿ. ಸರ್ಕಾರಿ ಯೋಜನೆಯಡಿ ಆಪರೇಷನ್ ಆಗುವ ಪ್ರತಿ ಮಗುವಿನ ಹೆಸರು, ಅದು ಯಾವ ರಾಜ್ಯದ ಆಸ್ಪತ್ರೆಯಲ್ಲೇ ಆಗಿರಲಿ, ಅದರ ಸ್ವಂತ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ತಾನಾಗಿ ಹೋಗಲಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬೆಳವಣಿಗೆ ತಪಾಸಣೆಯ ಮೂರು ದಿನಾಂಕಗಳಿರಲಿ, ಒಂದು ಪುಟ ಕನ್ನಡದಲ್ಲಿರಲಿ. ಆ ಕೇಂದ್ರಗಳಲ್ಲಿ ಖಾಲಿ ಇರುವ ಹುದ್ದೆಗಳು ತುಂಬಲಿ, ಕನ್ನಡ ಬಲ್ಲ ಮಾತಿನ ಚಿಕಿತ್ಸಕರು ಅಲ್ಲಿರಲಿ. ಹೊರರಾಜ್ಯಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮಂಥ ಕನ್ನಡಿಗರು ನೂರಾರು ಮಂದಿ ಇದ್ದೇವೆ. ಆ ಒಂದು ಪುಟವನ್ನು ಬರೆದುಕೊಡಲು, ಊರಿನ ಅಂಗನವಾಡಿಯವರಿಗೆ ಫೋನಿನಲ್ಲಿ ವಿವರಿಸಲು ನಾವು ಸಿದ್ಧ. ಮುಂದಿನ ಸಲ ಯಾವುದೇ ಸಚಿವರು “ಇಷ್ಟು ಮಕ್ಕಳಿಗೆ ಉಚಿತ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ” ಎಂದು ಅಂಕಿ ಹೇಳಿದಾಗ, ಪತ್ರಕರ್ತರು ಕೈಯೆತ್ತಿ ಇನ್ನೊಂದು ಅಂಕಿ ಕೇಳಲಿ: ಅವರಲ್ಲಿ ಎಷ್ಟು ಮಕ್ಕಳ ಬೆಳವಣಿಗೆಯನ್ನು ಆಮೇಲೆ ಒಂದು ಸಲವಾದರೂ ಪರೀಕ್ಷಿಸಿದ್ದೀರಿ?